ದೋಣಿಗೆ ಆರು ಹೆಸರು

ಬಾಯಿ ಮುಚ್ಚಿಕೊಂಡು ಊಟ ಮಾಡಿದ್ದರೆ ಚೆಲುವರಾಜುವಿಗೆ ಈ ಗತಿ ಬರುತ್ತಿರಲಿಲ್ಲ. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅಮೆರಿಕದ ಸನ್ನಿವೇಲ್‌ನ ಆಫೀಸಿನ ಊಟದ ಟೇಬಲ್ಲಿನಲ್ಲಿ, ಮ್ಯಾನೇಜರ್ ಗ್ರೆಗ್ ತಾನು ಸಮುದ್ರದಲ್ಲಿ ಹಿಡಿದ ಮೀನಿನ ಫೋಟೋ ತೋರಿಸಿದ. ಉಳಿದವರು 'ವಾವ್' ಅಂದು ತಮ್ಮ ಡಬ್ಬಿಯ ಕಡೆ ತಿರುಗಿಕೊಂಡರು. ಇವನು ತಿರುಗಲಿಲ್ಲ. ತಾನು ಮಂಡ್ಯದವನೆಂದೂ, ಊರ ಪಕ್ಕದಲ್ಲೇ ನಾಲೆ ಹರಿಯುತ್ತದೆಂದೂ, ಚಿಕ್ಕಂದಿನಲ್ಲಿ ಗಾಳ ಗೀಳ ಏನೂ ಇಲ್ಲದೆ ಬರಿಗೈಯಲ್ಲಿ ಮೀನು ಹಿಡಿಯುತ್ತಿದ್ದೆನೆಂದೂ ಒಂದು ಬಿಟ್ಟ. ನಿಜವಾಗಿ ಹಿಡಿಯುತ್ತಿದ್ದವನು ಅವನ ದೊಡ್ಡಪ್ಪನ ಮಗ. ಇವನು ಏರಿಯ ಮೇಲೆ ನಿಂತು ಆ ಅಣ್ಣನ ಚಡ್ಡಿ, ಬನಿಯನ್ನು ಕಾಯುತ್ತಿದ್ದ. ನೀರೆಂದರೆ ಇವನಿಗೆ ಜೀವ ಪುಕಪುಕ ಅನ್ನುತ್ತಿತ್ತು. ನಲವತ್ತಾರು ವರ್ಷದಲ್ಲಿ ಜೀವಂತ ಮೀನೊಂದನ್ನು ಮುಟ್ಟಿದವನೇ ಅಲ್ಲ.

ಗ್ರೆಗ್ ಅದನ್ನು ಮರೆಯಲಿಲ್ಲ. ಈ ಜನ ನಮ್ಮ ಹೆಸರು ಮರೆಯುತ್ತಾರೆ, ಹೆಂಡತಿ ಮಕ್ಕಳ ಹೆಸರಂತೂ ತಿಳಿದುಕೊಳ್ಳುವುದೇ ಇಲ್ಲ, ಆದರೆ ನಾವು ಕೊಚ್ಚಿಕೊಂಡದ್ದನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಈ ವರ್ಷದ ಸಂಕ್ರಾಂತಿಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಗ್ರೆಗ್ ಅವನನ್ನು ರೂಮಿಗೆ ಕರೆದು, ಬಾಗಿಲು ಹಾಕು ಎಂದ. ಈಚೆಗೆ ಆ ಆಫೀಸಿನಲ್ಲಿ ಬಾಗಿಲು ಹಾಕು ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ತಿಂಗಳು ಮುಗಿಯುವುದರೊಳಗೆ ಪ್ರತಿ ಟೀಮಿನಿಂದಲೂ ಜನರನ್ನು ತೆಗೆಯುತ್ತಾರೆ ಎಂಬ ಸುದ್ದಿ ಕ್ರಿಸ್‌ಮಸ್‌ಗೆ ಮುಂಚಿನಿಂದಲೂ ಓಡಾಡುತ್ತಿತ್ತು. ಪಕ್ಕದ ಟೀಮಿನಲ್ಲಿ ಹೋದ ವಾರ ಹೀಗೆ ಬಾಗಿಲು ಹಾಕಿಸಿಕೊಂಡವರು ಮಧ್ಯಾಹ್ನದ ಹೊತ್ತಿಗೆ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದರು.

ಚೆಲುವರಾಜು ಎಚ್-ಒನ್ ವೀಸಾದ ಮೇಲೆ ಇದ್ದವನು. ಹನ್ನೆರಡು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದ, ಸಾಲು ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಕೆಲಸ ಹೋದರೆ ಅರವತ್ತು ದಿನ. ಅಷ್ಟರೊಳಗೆ ಇನ್ನೊಂದು ಸಿಕ್ಕರೆ ಸರಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಮಗಳು ತನ್ವಿ ಹನ್ನೊಂದನೇ ಕ್ಲಾಸಿನಲ್ಲಿದ್ದಳು; ಅವಳ ಸ್ಕೂಲಿಗೋಸ್ಕರವೇ ಕ್ಯುಪರ್ಟಿನೋದಲ್ಲಿ ಕೋಳಿಗೂಡಿನಂಥ ಅಪಾರ್ಟ್‌ಮೆಂಟಿಗೆ ಅರಮನೆಯ ಬಾಡಿಗೆ ಕಟ್ಟುತ್ತಿದ್ದ. ಇನ್ನೊಂದೂವರೆ ವರ್ಷ, ಅವಳು ಕಾಲೇಜು ಸೇರುವವರೆಗೆ ಈ ಕೆಲಸ ಉಳಿದರೆ ಸಾಕಪ್ಪಾ ಎಂದು ಅವನು ದಿನಾ ಬೆಳಿಗ್ಗೆ ಫ್ರೀವೇಯಲ್ಲಿ ಬೇಡಿಕೊಳ್ಳುತ್ತಿದ್ದ.

ಹಾಗಾಗಿ ಗ್ರೆಗ್ ನಗುನಗುತ್ತಾ ಮೀನಿನ ಮಾತೆತ್ತಿದಾಗ ಇವನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಟೀಮಿನ ಹನ್ನೆರಡು ಜನರಲ್ಲಿ ಆರು ಜನರನ್ನು ಮುಂದಿನ ತಿಂಗಳು ಒಂದು ವಾರ ಕೋಸ್ಟರಿಕಾಕ್ಕೆ ಕಳಿಸುವ ಯೋಚನೆಯಿದೆ ಎಂದ ಗ್ರೆಗ್. ಪೆಸಿಫಿಕ್ ಕರಾವಳಿ, ಬೆಚ್ಚನೆಯ ನೀರು, ದೊಡ್ಡ ದೋಣಿ, ದೊಡ್ಡ ಮೀನು. ನೀನು ನಮ್ಮಲ್ಲಿ ಮೀನು ಬಲ್ಲವನು, ಪ್ಲಾನ್ ಮಾಡುವುದು ನಿನ್ನ ಜವಾಬ್ದಾರಿ, ಆರು ಹೆಸರು ಆರಿಸುವುದೂ ನೀನೇ. ಒಂದೇ ಒಂದು ಕಂಡೀಷನ್ನು. ಹೋದವರು ಲ್ಯಾಪ್‌ಟಾಪು ಮುಟ್ಟುವಂತಿಲ್ಲ, ಫೋನು ಎತ್ತುವಂತಿಲ್ಲ, ಆದರೂ ಇಲ್ಲಿ ಒಂದು ಕೆಲಸವೂ ನಿಲ್ಲಬಾರದು. ಅದಕ್ಕೆ ಒಬ್ಬೊಬ್ಬರ ಹೆಸರಿನ ಮುಂದೂ ಅವರು ಮಾಡುವ ಕೆಲಸ ಏನು, ಅದನ್ನು ಯಾರಿಗೆ ಒಪ್ಪಿಸಬಹುದು, ಕಲಿಯಲು ಎಷ್ಟು ಹೊತ್ತು ಬೇಕು ಎಂದು ಬರೆದು ಕೊಡು. ನಾಲ್ಕು ಗಂಟೆಗೆ ಬೇಕು, ಮೇಲಿನವರಿಗೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು.

ಹೊರಗೆ ಬಂದ ಚೆಲುವರಾಜು ನೀರಿನ ಫಿಲ್ಟರಿನ ಪಕ್ಕ ನಿಂತು ಲೆಕ್ಕ ಹಾಕಿದ. ಕೆಲಸದಿಂದ ತೆಗೆಯುವವನನ್ನು ಯಾವನಾದರೂ ಕಂಪನಿ ಖರ್ಚಿನಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾನೆಯೇ? ಹೋಗುವುದಿಲ್ಲ. ಹಾಗಾದರೆ ದೋಣಿ ಹತ್ತಿದವರು ಉಳಿದರು, ದಡದಲ್ಲಿ ನಿಂತವರು ಮುಳುಗಿದರು. ಅದಲ್ಲದೆ ಪಟ್ಟಿ ಬರೆಯುವ ಕೈ ತನ್ನದೇ. ಅವನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಅಲ್ಲಿಂದಲೇ ಹೆಂಡತಿಗೆ ಫೋನು ಹಚ್ಚಿದ.

"ತೇಜು, ಗ್ರೆಗ್ ನನ್ನ ಕೋಸ್ಟರಿಕಾಕ್ಕೆ ಕಳಿಸ್ತಾವ್ನೆ ಕಣೆ. ಮೀನು ಹಿಡಿಯೋಕೆ."

"ನಿಮ್ಮನ್ನಾ? ಮೀನು ಹಿಡಿಯೋಕಾ?" ತೇಜಸ್ವಿನಿ ಎಳ್ಳು ಹುರಿಯುತ್ತಿದ್ದವಳು ಸೌಟು ನಿಲ್ಲಿಸಿದ್ದು ಇಲ್ಲಿಗೆ ಕೇಳಿಸಿತು. "ಅಲ್ಕಟ್ರಾಸ್ ದ್ವೀಪ ನೋಡೋಕೆ ಹೋದಾಗ ಹದಿನೈದು ನಿಮಿಷದ ಫೆರೀಲಿ ನನ್ನ ಸೀರೆ ಮೇಲೆಲ್ಲ ವಾಂತಿ ಮಾಡ್ಕೊಂಡಿರಲ್ರೀ."

"ಅದೆಲ್ಲ ಬುಡು. ಇದರ ಅರ್ಥ ಏನು ಗೊತ್ತಾ? ನನ್ ಕೆಲ್ಸ ಗಟ್ಟಿ ಅಂತ. ಆದ್ರೆ ಸದ್ಯಕ್ಕೆ ಯಾರಿಗೂ ಹೇಳ್ಬೇಡ."

"ನಾನ್ಯಾಕ್ ಹೇಳ್ಲಿ," ಅಂದಳು ಆಕೆ. ಅರ್ಧ ಗಂಟೆಯೊಳಗೆ ಅಪಾರ್ಟ್‌ಮೆಂಟಿನ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಅಭಿನಂದನೆಗಳು ಬರತೊಡಗಿದವು. "ಅಪ್ಪಾ, ಯೂ ಕಾಂಟ್ ಈವನ್ ಸ್ವಿಮ್" ಎಂದು ತನ್ವಿ ಸ್ಕೂಲಿನಿಂದಲೇ ಮೆಸೇಜು ಹಾಕಿದಳು.

ಚೆಲುವರಾಜು ಒಂದು ಖಾಲಿ ಮೀಟಿಂಗ್ ರೂಮು ಹಿಡಿದು ದೋಣಿ ಹುಡುಕಲು ಕೂತ. ಅಲ್ಲಿ ದೋಣಿಗಳೇನು ಒಂದೋ ಎರಡೋ, ಜಾತ್ರೆಯಷ್ಟಿದ್ದವು. ನಾಲ್ಕು ರಿವ್ಯೂ ಓದಿ, ಕಂಬಿಗಳಿಗೆ ಉಳಿದವಕ್ಕಿಂತ ಕಡಿಮೆ ತುಕ್ಕು ಹಿಡಿದಿದ್ದ ಒಂದನ್ನು ಆರಿಸಿ ಅದರ ಕ್ಯಾಪ್ಟನ್‌ಗೆ ಫೋನು ಮಾಡಿದ. ಆ ಕಡೆಯ ಮನುಷ್ಯ ದೋಣಿಯ ಎಂಜಿನ್ನಿಗಿಂತ ಜೋರಾಗಿ ಮಾತಾಡುತ್ತಿದ್ದ. ನಿಮ್ಮ ಗುಂಪಿನಲ್ಲಿ ಪಳಗಿದವರು ಯಾರು ಎಂದು ಕೇಳಿದ. ನಾನೇ ಎಂದ ಚೆಲುವರಾಜು. ಎಷ್ಟು ಪೌಂಡು ಭಾರ ತಡೆಯುವ ದಾರ ಬಳಸುತ್ತೀರಿ ಎಂದ. ಇವನಿಗೆ ಬಾಯಿಗೆ ಬಂದದ್ದು ಇನ್ನೂರು. ತಿಮಿಂಗಿಲ ಹಿಡಿಯುವ ಪರ್ಮಿಟ್ಟು ನಮ್ಮಲ್ಲಿ ಇಲ್ಲ ಸಾರ್ ಎಂದ ಕ್ಯಾಪ್ಟನ್.

ಆ ಸಮುದ್ರದ ದೊಡ್ಡ ಬೇಟೆಯೆಂದರೆ ಸೇಲ್‌ಫಿಶ್. ಆಳಿಗಿಂತ ಉದ್ದ, ಬೆನ್ನ ಮೇಲೆ ಹಾಯಿ ಬಿಚ್ಚಿದಂತೆ ಈಜುರೆಕ್ಕೆ. ಮುಕ್ಕಾಲು ಗಂಟೆ ಎಳೆದಾಡಿ ದೋಣಿಯ ಪಕ್ಕಕ್ಕೆ ತರಬೇಕು, ನೀರಿನಿಂದ ಮೇಲೆತ್ತದೆ ಫೋಟೋ ತೆಗೆಸಿಕೊಳ್ಳಬೇಕು, ಗಾಳ ಬಿಡಿಸಿ ವಾಪಸ್ಸು ಬಿಡಬೇಕು. ಅದು ಅಲ್ಲಿನ ಕಾನೂನು. ಚೆಲುವರಾಜು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ನಮ್ಮ ಕಡೆ ಯಾವನಾದರೂ ಮುಕ್ಕಾಲು ಗಂಟೆ ಒದ್ದಾಡಿ ಹಿಡಿದ ಮೀನನ್ನು ಬಿಟ್ಟು ಬಂದರೆ ಹೆಂಡತಿ ಮನೆಯೊಳಕ್ಕೆ ಸೇರಿಸುವುದಿಲ್ಲ. ಆದರೂ ಗ್ರೆಗ್‌ಗೆ ತೋರಿಸುವ ಪ್ಲಾನಿನಲ್ಲಿ ಅದನ್ನೇ ಚಂದ ಮಾಡಿ ಬರೆದ. ಮೂರು ದಿನ ದೋಣಿ, ಒಂದು ದಿನ ವಿಶ್ರಾಂತಿ, ಬೀಚಿನ ಪಕ್ಕ ಲಾಡ್ಜು, ಬೆಳಿಗ್ಗೆ ಐದೂವರೆಗೆ ಹೊರಡುವುದು, ಸಸ್ಯಾಹಾರಿಗಳಿಗೆ ಅನ್ನ ಮತ್ತು ಕರಿ ಹುರುಳಿಯಂಥ ಕಾಳು.

ಸಸ್ಯಾಹಾರಿಗಳ ಸಾಲು ಬರೆದದ್ದು ಅರವಿಂದನಿಂದಾಗಿ. ಅರವಿಂದ ಮೈಸೂರಿನವನು, ಪಕ್ಕದ ಸೀಟಿನವನು, ಏಕಾದಶಿ ದ್ವಾದಶಿ ಬಿಡದವನು. ಮೀಟಿಂಗ್ ರೂಮಿನ ಗಾಜಿನ ಗೋಡೆಯಾಚೆ ಮೂರು ಸಲ ಓಡಾಡಿ ನಾಲ್ಕನೇ ಸಲ ಒಳಗೇ ಬಂದ.

"ಗೌಡ್ರೇ, ನನ್ನ ಹೆಸರೂ ಹಾಕಿ."

"ಯಾವುದಕ್ಕೆ?"

"ಸುಮ್ನಿರ್ರೀ. ನಿಮ್ಮ ಮನೆಯವರು ನಮ್ಮ ಮನೆಯವರಿಗೆ ಹೇಳಿದಾರೆ. ಮೀನು ಹಿಡಿಯೋದಕ್ಕೆ."

"ನೀವು ಈರುಳ್ಳಿ ತಿನ್ನೋಕೂ ಪಂಚಾಂಗ ನೋಡೋರು. ಮೀನು ಹಿಡೀತೀರಾ?"

"ಹಿಡಿಯೋದಕ್ಕೂ ತಿನ್ನೋದಕ್ಕೂ ಏನ್ ಸಂಬಂಧ? ಹಿಡಿದು ವಾಪಸ್ ಬಿಟ್ಬಿಡೋದು ಅಂತಲ್ಲ, ಗೂಗಲ್ ಮಾಡಿದೆ. ಒಂಥರಾ ಅಭಯದಾನ ಅಂದ್ಕೊಳ್ಳಿ. ಪುಣ್ಯದ ಕೆಲಸ." ಅರವಿಂದ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದ. "ನೋಡಿ, ಯಾರು ದೋಣಿ ಹತ್ತುತಾರೋ ಅವರು ಸೇಫು. ನಿಮಗೂ ಗೊತ್ತು, ನನಗೂ ಗೊತ್ತು. ಇಬ್ರು ಮಕ್ಕಳಿದಾರೆ ನನಗೆ."

ಚೆಲುವರಾಜು ಗ್ರೆಗ್‌ನ ಕಂಡೀಷನ್ನು ಹೇಳಿದ. ಕೆಲಸ ಬೇರೆಯವರಿಗೆ ಒಪ್ಪಿಸಲು ಆಗುವಂತಿರಬೇಕು, ಬೇಗ ಕಲಿಯುವಂತಿರಬೇಕು. ಹಿಂದಿನ ವಾರದ ಮೀಟಿಂಗಿನಲ್ಲಿ ತಾನು ಒಂದು ದಿನ ಜ್ವರ ಬಂದು ಮಲಗಿದರೆ ಕಂಪನಿಯ ಅರ್ಧ ಗಿರಾಕಿಗಳು ಓಡಿಹೋಗುತ್ತಾರೆ ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿದ್ದ ಅರವಿಂದ, ಈಗ ಒಂದು ಉಸಿರೂ ಎಳೆಯದೆ ಹೇಳಿದ. "ನನ್ನ ಕೆಲಸ ಏನ್ ಮಹಾ. ಯಾರು ಬೇಕಾದ್ರೂ ಮಾಡ್ಬಹುದು. ಒಂದು ದಿನದಲ್ಲಿ ಕಲೀಬಹುದು ಅಂತ ಬರೀರಿ."

ಅಲ್ಲಿಂದ ಶುರುವಾಯಿತು. ವಿಜಯವಾಡದ ಇಬ್ಬರು ಜೊತೆಯಾಗಿ ಬಂದು, ತಮ್ಮ ಕೆಲಸ ಅರ್ಧ ದಿನದಲ್ಲಿ ಕಲಿಯಬಹುದು ಎಂದು ಬರೆಸಿದರು. ಒಬ್ಬ ಚೀನೀಯ, ಆರು ವರ್ಷದಲ್ಲಿ ಇವನ ಜೊತೆ ಆರು ಮಾತಾಡದವನು, ತನ್ನ ಕೆಲಸಕ್ಕೆ ಮನುಷ್ಯನೇ ಬೇಕಿಲ್ಲ, ಒಂದು ಸ್ಕ್ರಿಪ್ಟು ಸಾಕು ಎಂದು ಆ ಸ್ಕ್ರಿಪ್ಟನ್ನೇ ಬರೆದು ಕಳಿಸಿದ. ಫ್ರೆಸ್ನೋ ಕಡೆಯ ಒಬ್ಬ ಹುಟ್ಟಾ ಅಮೆರಿಕದವನು, ನಿಜಕ್ಕೂ ಮೀನು ಹಿಡಿಯಲು ಬರುವವನು, ನಾನು ವಾರದಲ್ಲಿ ಎರಡೇ ದಿನ ಕೆಲಸ ಮಾಡುವುದು ಎಂದು ಕಣ್ಣು ಹೊಡೆದು ಹೋದ. ಅರವಿಂದ ಓಡಿ ಬಂದ.

"ಗೌಡ್ರೇ, ಅವರು ಅರ್ಧ ದಿನ ಬರೆಸಿದಾರಂತೆ. ನಂದು ಮೂರು ಗಂಟೆ ಮಾಡಿ."

"ನಿನ್ನೆವರೆಗೂ ನೀವಿಲ್ದೆ ಸೂರ್ಯ ಹುಟ್ತಿರ್ಲಿಲ್ವಲ್ರೀ."

"ನಿನ್ನೆ ಬೇರೆ. ಮೂರು ಗಂಟೆ ಹಾಕಿ, ಪ್ಲೀಸ್."

ಒಂದು ಗಂಟೆಗೆ ಚೆಲುವರಾಜು ಗ್ರೋಸರಿಗೆ ಹೋಗಿ ಕಬ್ಬು ತೆಗೆದುಕೊಂಡು ಮನೆಗೆ ಓಡಿದ. ಹಬ್ಬದ ದಿನ ಕಬ್ಬಿಲ್ಲದೆ ಮನೆಗೆ ಬರಬೇಡಿ ಎಂದು ತೇಜಸ್ವಿನಿ ಎರಡು ದಿನದಿಂದ ಹೇಳಿದ್ದಳು. ಮೆಟ್ಟಿಲಿನಲ್ಲೇ ಕೆಳಗಿನ ಮನೆಯ ಶಿವರುದ್ರಪ್ಪನವರು ಸಿಕ್ಕರು. ಹಾವೇರಿ ಕಡೆಯವರು, ರಿಟೈರಾದವರು, ಆರು ತಿಂಗಳಿಗೆ ಅಂತ ಮಗಳ ಮನೆಗೆ ಬಂದವರು. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು.

"ಏನ್ ತಮ್ಮಾ, ಸಾಹೇಬನ ಜೋಡಿ ಸಮುದ್ರಕ್ಕ ಹೊಂಟೀಯಂತ?"

"ಸಾಹೇಬ ಬರ್ತಾನೋ ಇಲ್ವೋ ಗೊತ್ತಿಲ್ಲ ಸಾರ್. ಇನ್ನೂ ಪ್ಲಾನು."

"ಬಂದಾ ಬರ್ತಾನ. ಇಂಥಾದ್ದು ಬಿಡ್ತಾನೇನು?" ಅವರು ಕಬ್ಬಿನ ಇನ್ನೊಂದು ತುದಿ ಹಿಡಿದುಕೊಂಡು ಜೊತೆಗೇ ಮೇಲೆ ಹತ್ತಿದರು. "ನಮ್ಮ ಅಳಿಯ ಶಿವರಾಜ ಮೂರು ತಿಂಗಳಾತು ಮನ್ಯಾಗ ಕುಂತಾನ, ಮಗಳ ವೀಸಾದ ಮ್ಯಾಲ ಅದಾನ. ಮಗಳು ಬಾಯಿಬಿಟ್ಟು ಹೇಳಾಂಗಿಲ್ಲ, ಆದ್ರ ನಾ ನೋಡ್ತೀನಲ್ಲ. ನಿಮ್ಮ ಸಾಹೇಬ ಗಾಳಾ ಇಳಿಬಿಟ್ಟು ಸುಮ್ಮನ ಕುಂತಾಗ ಇವನ ಸುದ್ದಿ ಒಂದ್ ಮಾತು ಕಿವಿಗೆ ಹಾಕು. ನಡು ಸಮುದ್ರದಾಗ ಎದ್ದು ಹೋಗಾಕ ಬರೂದಿಲ್ಲ ನೋಡು ಅವಂಗ, ಕೇಳಲಿಕ್ಕೇ ಬೇಕು."

ಫೈಲಿನಲ್ಲಿ ಶಿವರಾಜನ ರೆಸ್ಯೂಮೆ ಇತ್ತು, ಮೂರು ಪ್ರತಿ. ಚೆಲುವರಾಜು ಒಂದನ್ನು ತೆಗೆದುಕೊಂಡು, ನೋಡೋಣ ಸಾರ್ ಎಂದ. ಹಾಗೆ ಹೇಳುವಾಗ ಅವನ ಎದೆ ಒಂದು ಇಂಚು ಉಬ್ಬಿತು. ಎಷ್ಟೋ ದಿನದ ಮೇಲೆ ಬೇರೆಯವನ ಕೆಲಸದ ವಿಷಯಕ್ಕೆ ಇವನು ನೋಡೋಣ ಅನ್ನುವ ಸ್ಥಾನದಲ್ಲಿದ್ದ.

ಆಫೀಸಿಗೆ ಮರಳಿದಾಗ ಎರಡೂವರೆ. ಐದು ಹೆಸರು ಗಟ್ಟಿಯಾಗಿದ್ದವು. ಆರನೆಯದು ತನ್ನದು ಎಂದು ಅವನು ಬೆಳಿಗ್ಗೆಯೇ ತೀರ್ಮಾನಿಸಿದ್ದ. ಕಾಗದದ ಮುಂದೆ ಕೂತಾಗ ಮಾತ್ರ ಕೈ ಓಡಲಿಲ್ಲ.

ಕಾರಣ ಬಿಲ್ಲಿಂಗು. ಹನ್ನೊಂದು ವರ್ಷದಿಂದ ಚೆಲುವರಾಜು ಆ ಕಂಪನಿಯ ಬಿಲ್ಲಿಂಗ್ ಪ್ರೋಗ್ರಾಮನ್ನು ಸಾಕಿಕೊಂಡು ಬಂದಿದ್ದ. ಅದು ಪ್ರತಿ ತಿಂಗಳು ಹದಿನಾಲ್ಕನೇ ತಾರೀಕಿನ ಸಂಜೆ ಓಡುತ್ತಿತ್ತು, ಓಡುವ ಮಧ್ಯೆ ಒಂದು ಕಡೆ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ಎಲ್ಲಿ, ಯಾಕೆ ಎಂದು ಇವನೊಬ್ಬನಿಗೇ ಗೊತ್ತು. ಇವನು ಹೋಗಿ ಕೈಯಾಡಿಸಿದರೆ ಮತ್ತೆ ಓಡುತ್ತಿತ್ತು. ಪೂರ್ತಿ ಸರಿ ಮಾಡಬಹುದಿತ್ತು. ಆದರೆ ಸರಿ ಮಾಡಿದರೆ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಇವನನ್ನು ಕರೆಯುವವರಿಲ್ಲ. ಒಂದು ಸಾಲು ಎಲ್ಲೂ ಬರೆದಿಟ್ಟವನಲ್ಲ. ಯಾರಾದರೂ ಕೇಳಿದರೆ ತುಂಬಾ ಕಾಂಪ್ಲಿಕೇಟೆಡ್ಡು ಎಂದು ತಲೆಯಾಡಿಸಿ ಕಳಿಸುತ್ತಿದ್ದ. ಮೂರು ಲೇಆಫು ಬಂದು ಹೋದವು, ಮೂರರಲ್ಲೂ ಇವನ ಕೂದಲು ಕೊಂಕಲಿಲ್ಲ. ಈಗ ದೋಣಿ ಹತ್ತಬೇಕಾದರೆ ಅದನ್ನು ಬೇರೆಯವರು ಮಾಡಬಹುದು ಎಂದು ಸ್ವಂತ ಕೈಯಲ್ಲಿ ಬರೆಯಬೇಕು.

ಅದೇ ಹೊತ್ತಿಗೆ ಶೈಲಜಾ ಬಂದಳು. ಬೆಂಗಳೂರಿನವಳು, ಟೀಮಿನಲ್ಲಿ ಎಲ್ಲರಿಗಿಂತ ಈಚೆಗೆ ಸೇರಿದವಳು, ಎರಡು ವರ್ಷವಾಗಿತ್ತು. ಅವಳು ಕುರ್ಚಿಯಲ್ಲಿ ಕೂರಲಿಲ್ಲ.

"ಚೆಲುವರಾಜು ಅವ್ರೆ, ನೇರವಾಗಿ ಕೇಳ್ತೀನಿ. ಆರನೇ ಹೆಸರು ಬರೆದಾಯ್ತಾ?"

"ಇನ್ನೂ ಇಲ್ಲ."

"ನನ್ನದು ಹಾಕ್ತೀರಾ? ನಮ್ಮನೆಯವರ ಕೆಲಸ ಹೋಗಿ ನಾಲ್ಕು ತಿಂಗಳಾಯ್ತು. ಈಗ ನಂದೂ ಹೋದ್ರೆ ನಾವು ವಾಪಸ್ ಹೊರಡ್ಬೇಕು. ನಾನು ಲಾಸ್ಟ್ ಸೇರಿದೋಳು, ತೆಗೆದ್ರೆ ನನ್ನೇ ಮೊದಲು ತೆಗೆಯೋದು."

ಚೆಲುವರಾಜು ಪೆನ್ನಿನ ಕ್ಯಾಪು ತೆಗೆದ, ಹಾಕಿದ. "ನಿಮಗೆ ಮೀನು ಆಗಲ್ಲ ಅಲ್ವಾ?"

"ಅರವಿಂದನಿಗೆ ಆಗುತ್ತಾ?"

ಇವನಿಗೆ ನಾಚಿಕೆಯಾಯಿತು, ಆದರೆ ನಾಚಿಕೆಯಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ. "ನೋಡ್ತೀನಿ ಶೈಲಜಾ. ಕೈಯಲ್ಲಿರೋದು ಒಂದೇ ಸೀಟು," ಎಂದ. ಅವಳು ಆ ನೋಡ್ತೀನಿಯನ್ನು ಸರಿಯಾಗಿಯೇ ಅರ್ಥಮಾಡಿಕೊಂಡಳು. "ಪರವಾಗಿಲ್ಲ ಬಿಡಿ, ನಿಮಗೂ ಮಗಳಿದಾಳೆ," ಅಂದು ಹೋದಳು. ಬೈದು ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಬರೆದ. ಆರನೇ ಹೆಸರು, ಚೆಲುವರಾಜು. ಕೆಲಸ, ಬಿಲ್ಲಿಂಗ್. ಒಪ್ಪಿಸಬಹುದಾದವರು, ಶೈಲಜಾ. ಹಾಗೆ ಬರೆದರೆ ಅವಳು ದಡದಲ್ಲಿ ಇರಲೇಬೇಕಾಯಿತಲ್ಲ, ತಾನೇನೂ ಬೇಕೆಂದು ಬಿಟ್ಟದ್ದಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಕಲಿಯಲು ಬೇಕಾದ ಹೊತ್ತು? ನಾಲ್ಕು ತಿಂಗಳು ಅನ್ನುವುದು ಅವನ ನಂಬಿಕೆ. ಆದರೆ ಅರವಿಂದನದು ಮೂರು ಗಂಟೆ, ಚೀನೀಯನದು ಸೊನ್ನೆ. ನಾಲ್ಕು ತಿಂಗಳೆಂದು ಬರೆದರೆ ಮೇಲಿನವರು ಇವನನ್ನು ಇಲ್ಲೇ ಕಟ್ಟಿಹಾಕುತ್ತಾರೆ, ದೋಣಿ ತಪ್ಪುತ್ತದೆ. ನಾಲ್ಕು ಗಂಟೆ ಎಂದು ಬರೆದ. ನಂಬಿಕೆ ಬರಲಿ ಎಂದು, ಹನ್ನೊಂದು ವರ್ಷ ಯಾರಿಗೂ ತೋರಿಸದ ಪ್ರೋಗ್ರಾಮು ಎಲ್ಲಿದೆ, ಹೇಗೆ ಓಡುತ್ತದೆ ಎಂದು ಒಂದು ಪುಟದ ಟಿಪ್ಪಣಿಯನ್ನೂ ಜೊತೆಗಿಟ್ಟ. ಎಲ್ಲಿ ಕಚ್ಚಿಕೊಳ್ಳುತ್ತದೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಅಷ್ಟು ಬುದ್ಧಿ ಇತ್ತು.

ಮೂರು ಐವತ್ತೈದಕ್ಕೆ ಕಳಿಸಿದ. ದೋಣಿಯ ಪ್ಲಾನು ಎಂಟು ಪುಟ, ಜನರ ಪಟ್ಟಿ ಎರಡು ಪುಟ. ಗ್ರೆಗ್ ಕೂಡಲೇ ಹೆಬ್ಬೆರಳಿನ ಚಿತ್ರ ವಾಪಸ್ಸು ಕಳಿಸಿದ.

ನಾಲ್ಕು ಮುಕ್ಕಾಲಿಗೆ ಮತ್ತೆ ಕರೆ ಬಂತು. ಬಾಗಿಲು ಹಾಕು ಅಂದಾಗ ಈ ಸಲ ಎದೆ ಹೊಡೆದುಕೊಳ್ಳಲಿಲ್ಲ. ಒಳಗೆ ಟೀವಿ ಪರದೆಯ ಮೇಲೆ ಎಚ್ಆರ್‌ನ ಹೆಂಗಸೊಬ್ಬಳು ಕಾಣುತ್ತಿದ್ದಳು. ಟಿಕೆಟ್ಟು, ಇನ್ಶೂರೆನ್ಸು ವಿಷಯಕ್ಕಿರಬೇಕು ಎಂದುಕೊಂಡು ಇವನು ಅವಳಿಗೆ ಕೈ ಬೀಸಿದ. ಅವಳು ಬೀಸಲಿಲ್ಲ.

ಗ್ರೆಗ್ ಮೊದಲು ಹೊಗಳಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಸ್ಪಷ್ಟವಾದ ಕಾಗದವನ್ನು ತಾನು ಕಂಡಿಲ್ಲ ಎಂದ. ಮೇಲಿನವರು ಆರು ಜನರನ್ನು ಕಡಿಮೆ ಮಾಡು ಎಂದು ಕೇಳಿ ಎರಡು ವಾರವಾಗಿತ್ತಂತೆ. ಯಾರಿಲ್ಲದಿದ್ದರೂ ನಡೆಯುತ್ತದೆ ಎಂದು ಯಾರನ್ನು ಕೇಳುವುದು? ಕೆಲಸ ಉಳಿಸಿಕೊಳ್ಳುವುದಕ್ಕೆ ಕೇಳಿದರೆ ಪ್ರತಿಯೊಬ್ಬನೂ ನಾನಿಲ್ಲದಿದ್ದರೆ ಕಂಪನಿಯೇ ಮುಳುಗುತ್ತದೆ ಎನ್ನುತ್ತಾನೆ. ರಜೆಗೆ ಕೇಳಿದರೆ ಮಾತ್ರ ಜನ ಸತ್ಯ ಬರೆಯುತ್ತಾರೆ. ಅದನ್ನು ಅವನು ದೊಡ್ಡ ಉಪಕಾರ ಮಾಡಿದವನ ಮುಖದಲ್ಲಿ, ತುಂಬಾ ಪ್ರೀತಿಯಿಂದ ಹೇಳಿದ.

ಚೆಲುವರಾಜುವಿಗೆ ಆ ಮಾತು ಕಿವಿಯಿಂದ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ದೋಣಿ, ಎಂದ ಸಣ್ಣ ದನಿಯಲ್ಲಿ. ದೋಣಿ ನಿಜವೇ, ಬಹಳ ಒಳ್ಳೆಯ ದೋಣಿ ಹುಡುಕಿದ್ದೀಯ, ನನ್ನ ಅಣ್ಣನ ಐವತ್ತನೇ ಹುಟ್ಟುಹಬ್ಬಕ್ಕೆ ಅದನ್ನೇ ಬುಕ್ ಮಾಡಿದ್ದೇನೆ ಎಂದ ಗ್ರೆಗ್.

ಎಚ್ಆರ್‌ನವಳು ಕೆಲಸದಿಂದ ತೆಗೆದ ಕಾಗದ ಓದತೊಡಗಿದಳು. ಅವಳು ಓದುವುದು ಮುಗಿದ ಮೇಲೆ ಗ್ರೆಗ್ ಎದ್ದು ಬಂದು ಇವನ ಭುಜ ಹಿಡಿದುಕೊಂಡ. ಒಂದು ಮಾತು ನಿನಗೆ ಹೇಳಲೇಬೇಕು ಎಂದ. ನನ್ನ ಮನಸ್ಸಿನಲ್ಲಿದ್ದ ಪಟ್ಟಿಯಲ್ಲಿ ಉಳಿದ ಐವರೂ ಇದ್ದರು, ಆರನೆಯವಳು ಶೈಲಜಾ. ನಿನ್ನನ್ನು ಮುಟ್ಟುವ ಹಾಗೇ ಇರಲಿಲ್ಲ. ಬಿಲ್ಲಿಂಗು ನಿನ್ನೊಬ್ಬನ ತಲೆಯಲ್ಲಿದೆ, ನೀನು ಹೋದರೆ ಕಂಪನಿ ನಿಲ್ಲುತ್ತದೆ ಎಂದೇ ನಾನು ಹನ್ನೊಂದು ವರ್ಷದಿಂದ ನಂಬಿದ್ದೆ. ನಾಲ್ಕು ಗಂಟೆಯ ಕೆಲಸ ಎಂದು ನಿನ್ನ ಕಾಗದ ನೋಡಿದ ಮೇಲೆ ಗೊತ್ತಾಯಿತು. ಇಷ್ಟು ಪ್ರಾಮಾಣಿಕರು ಸಿಗುವುದಿಲ್ಲ.

ನಾಲ್ಕು ಗಂಟೆ ಸುಳ್ಳು ಎಂದು ಚೆಲುವರಾಜು ಕೂಗಬೇಕೆಂದುಕೊಂಡ. ತಾನೇ ಬರೆದು ಕೊಟ್ಟಿದ್ದ ಸುಳ್ಳು ಅದು. ಎದ್ದು ಹೊರಬಂದ. ಹೊರಗೆ ಅರವಿಂದ ರಟ್ಟಿನ ಪೆಟ್ಟಿಗೆಗೆ ಗಣಪತಿಯ ಫೋಟೋ ಹಾಕುತ್ತಿದ್ದ. ತಲೆಯೆತ್ತಿ ಇವನನ್ನು ನೋಡಿ, "ಏನ್ ಪಟ್ಟಿ ಬರೆದ್ರಿ ಗೌಡ್ರೇ," ಅಂದ ಅಷ್ಟೇ.

ಆರು ಗಂಟೆಗೆ ಮನೆಯ ಬಾಗಿಲು ತೆರೆದರೆ ಒಳಗೆ ಹಬ್ಬ. ತೇಜಸ್ವಿನಿ ರೇಷ್ಮೆ ಸೀರೆ ಉ‌ಟ್ಟಿದ್ದಳು. ತನ್ವಿ ಲಂಗ ಹಾಕಿಕೊಂಡು ಮುಖ ಊದಿಸಿಕೊಂಡು ಎಳ್ಳುಬೆಲ್ಲದ ತಟ್ಟೆ ಹಿಡಿದಿದ್ದಳು. ಅಪಾರ್ಟ್‌ಮೆಂಟಿನ ನಾಲ್ಕಾರು ಹೆಂಗಸರು ಸೋಫಾದಲ್ಲಿ, ಶಿವರುದ್ರಪ್ಪನವರು ಅಳಿಯ ಶಿವರಾಜನನ್ನೂ ಎಳೆದುಕೊಂಡು ಬಂದು ಒಂಟಿ ಕುರ್ಚಿಯಲ್ಲಿ. ಇವನ ಕೈಯಲ್ಲಿ ಪೆಟ್ಟಿಗೆಯಿರಲಿಲ್ಲ. ಅದನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟು ಬಂದಿದ್ದ.

"ಬಂದ್ರು ನೋಡ್ರಿ ಮೀನುಗಾರ್ರು," ಎಂದರು ಶಿವರುದ್ರಪ್ಪನವರು. "ಶಿವರಾಜಾ, ಎದ್ದು ನಿಂದ್ರು."

ಶಿವರಾಜ ಎದ್ದು ನಿಂತು ಇಬ್ಬರು ಗಂಡಸರ ನಡುವೆ ಇರಬಾರದಷ್ಟು ವಿನಯದಿಂದ ನಮಸ್ಕಾರ ಮಾಡಿದ. ಚೆಲುವರಾಜುವಿಗೆ ಆ ಕೈಗಳನ್ನು ಹಿಡಿದುಕೊಂಡು ಅಳಬೇಕೆನ್ನಿಸಿತು. ತೇಜಸ್ವಿನಿ ಎಳ್ಳುಬೆಲ್ಲ ಕೈಗೆ ಹಾಕಿ, "ಒಳ್ಳೇ ಮಾತಾಡಿ," ಎಂದಳು. ಇವನು ಬಾಯಿಗೆ ಹಾಕಿಕೊಂಡು ಅಗಿದ. ಹೇಳಲು ಒಂದೇ ಒಂದು ಒಳ್ಳೆಯ ಮಾತೂ ಇರಲಿಲ್ಲ. ಜನ ಹೋಗಲಿ, ಆಮೇಲೆ ಹೇಳೋಣ ಎಂದು ಕೂತ.

ಆರೂ ಮುಕ್ಕಾಲಿಗೆ ಫೋನು ಬಂತು. ಶೈಲಜಾ. ಅವನು ಎದ್ದು ಅಡುಗೆಮನೆಯ ಪಕ್ಕದ ಬಾಲ್ಕನಿಗೆ ಹೋದ.

"ಸಾರಿ ಚೆಲುವರಾಜು ಅವ್ರೆ, ಇವತ್ತು ಫೋನ್ ಮಾಡ್ಬಾರ್ದಿತ್ತು. ಬಿಲ್ಲಿಂಗ್ ನನಗೆ ಕೊಟ್ಟಿದಾರೆ. ಆರೂ ಕಾಲಿಗೆ ಮಧ್ಯದಲ್ಲಿ ನಿಂತ್ಹೋಯ್ತು."

ಇವತ್ತು ಹದಿನಾಲ್ಕು. ಚೆಲುವರಾಜು ಬಾಲ್ಕನಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಗ್ರೆಗ್‌ನ ರೂಮಿನಿಂದ ಹೊರಬಿದ್ದ ಮೇಲೆ ಮೊದಲ ಸಲ ನೆಟ್ಟಗೆ ಉಸಿರು ಬಂತು. ಇದೀಗ ಗೊತ್ತಾಗುತ್ತದೆ ಅವರಿಗೆ.

"ಅದು ಹಾಗೇ ಶೈಲಜಾ. ತುಂಬಾ ಕಾಂಪ್ಲಿಕೇಟೆಡ್ಡು. ನಾಲ್ಕು ಗಂಟೆ ಅಂತ ನಾನು ಸುಮ್ನೆ ಬರೆದಿದ್ದು, ನಾಲ್ಕು ತಿಂಗಳಾದ್ರೂ ಬೇಕು. ಗ್ರೆಗ್‌ಗೆ ಹೇಳಿ, ಕಾಂಟ್ರ್ಯಾಕ್ಟ್ ಮೇಲಾದ್ರೂ ಸರಿ, ನಾನು ಈಗ್ಲೇ ಬಂದು..."

"ಇಲ್ಲ ಇಲ್ಲ, ಈಗ ಓಡ್ತಾ ಇದೆ. ಒಂದು ಕಡೆ ಡೇಟ್ ತಪ್ಪಾಗಿ ಓದ್ತಿತ್ತು. ಒಂದೇ ಲೈನು. ಹತ್ತು ನಿಮಿಷದಲ್ಲಿ ಸಿಕ್ತು, ಸರಿ ಮಾಡ್ದೆ, ಇನ್ಮೇಲೆ ನಿಲ್ಲೋದೇ ಇಲ್ಲ. ನಾನು ಫೋನ್ ಮಾಡಿದ್ದು ಬೇರೆಗೆ. ಇಷ್ಟು ವರ್ಷ ಇದನ್ನ ಯಾರೂ ಯಾಕೆ ಸರಿ ಮಾಡಿರ್ಲಿಲ್ಲ ಅಂತ ಗ್ರೆಗ್ ಕೇಳ್ತಿದಾನೆ. ನೀವು ಇನ್ನೊಂದು ಕಡೆ ಕೆಲಸಕ್ಕೆ ಅವನ ರೆಫರೆನ್ಸ್ ಕೊಡ್ಬೇಕಾಗತ್ತಲ್ಲ. ಅದಕ್ಕೇ, ನಾನು ಏನಂತ ಹೇಳ್ಲಿ?"

ಕೆಳಗೆ ಪಾರ್ಕಿಂಗಿನಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು. ನಿಮಗೆ ತಿಳಿದದ್ದು ಹೇಳಿ ಎಂದು ಚೆಲುವರಾಜು ಫೋನಿಟ್ಟ.

ಒಳಗೆ ಹಾಲ್‌ನಲ್ಲಿ ತೇಜಸ್ವಿನಿ ಶಿವರುದ್ರಪ್ಪನವರ ಕೈಗೆ ಕಬ್ಬಿನ ತುಂಡು ಕೊಡುತ್ತಾ ಹೇಳುತ್ತಿದ್ದಳು. "ನೋಡಿ ಸಾರ್, ಆಫೀಸಿಂದ ಮತ್ತೆ ಫೋನು. ಹಬ್ಬದ ದಿನಾನೂ ಬಿಡಲ್ಲ ಇವ್ರನ್ನ. ಇವ್ರಿಲ್ದೆ ಅಲ್ಲಿ ಒಂದು ಕೆಲ್ಸಾನೂ ನಡೆಯಲ್ಲ."